ಶಾಮಿಯಾನದ ಸ್ಪೀಕರ್ ಮನೆಗೆ ತಂದ ಕತೆ

ಸೌಂಡ್ ಬಾಡಿಗೆಗೆ ಕೊಡುವುದು ನನ್ನ ಕೆಲಸ. ಮದುವೆ, ಗಣೇಶೋತ್ಸವ, ಯಕ್ಷಗಾನ, ಎಲ್ಲದಕ್ಕೂ. ಮನೆಗೆ ಒಂದು ಜೋಡಿ ಸ್ಪೀಕರ್ ಬೇಕು ಅನ್ನಿಸಿದಾಗ ಶೋರೂಮ್‌ಗಳಲ್ಲಿ ಕೇಳಿ ನೋಡಿದೆ. ಹಾಡು ಚೆನ್ನಾಗಿಯೇ ಇತ್ತು. ಚೆಂಡೆ ಹಾಕಿಸಿದೆ ನೋಡಿ, ಪೆಟ್ಟೇ ಬೀಳಲಿಲ್ಲ. ದಿನಾ ವೇದಿಕೆ ಪಕ್ಕ ನಿಂತು ಕೇಳುವ ಕಿವಿಗೆ ಅದು ಸಾಲದು. ಗೋಡೌನ್‌ನಲ್ಲಿದ್ದ 15 ಇಂಚಿನ ವೂಫರ್ (ಬೇಸ್ ಕೊಡುವ ದೊಡ್ಡ ಸ್ಪೀಕರ್) ಮತ್ತು ಹಾರ್ನ್ (ತಾರಕದ ದನಿಯನ್ನು ಹರಡುವ ಅಗಲ ಬಾಯಿಯದು) ಬಳಸಿ ನಾನೇ ಡಬ್ಬ ಮಾಡಿಸೋಣ ಅಂತ ಹೊರಟೆ.

ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ನನ್ನ ವೂಫರ್ 97 ಡೆಸಿಬೆಲ್ ಕೊಡುತ್ತದೆ. ಮನೆ ಬಳಕೆಯ ಸಣ್ಣ ಸ್ಪೀಕರ್‌ಗಳು ಸಾಮಾನ್ಯವಾಗಿ 86, 87ರ ಆಸುಪಾಸು. ಹತ್ತು ಡೆಸಿಬೆಲ್ ವ್ಯತ್ಯಾಸ ತುಂಬಬೇಕಾದರೆ ಹತ್ತು ಪಟ್ಟು ಪವರ್ ಬೇಕು. ಹಾಗಂತ ಸಣ್ಣ ಸ್ಪೀಕರ್ ಮಾಡುವವರು ದಡ್ಡರಲ್ಲ. ಜೋರು ದನಿ, ಆಳದ ಬೇಸ್, ಚಿಕ್ಕ ಡಬ್ಬ, ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರನೆಯದನ್ನು ಬಿಡಲೇಬೇಕು. 1954ರಲ್ಲಿ ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿ ಎಆರ್-1 ಅನ್ನುವ ಸ್ಪೀಕರ್ ತಂದಿತು. ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಡಬ್ಬ, ಆದರೂ ಆಳದ ಬೇಸ್. ಬಿಟ್ಟುಕೊಟ್ಟಿದ್ದು ಜೋರನ್ನು. ಮನೆ ಸ್ಪೀಕರ್‌ಗಳಲ್ಲಿ ಹೆಚ್ಚಿನವು ಆ ದಾರಿಯಲ್ಲೇ ಹೋದವು.

ನನಗೆ ಬೇಕಿದ್ದದ್ದು ಇನ್ನೊಂದು ದಾರಿ, ಡಬ್ಬ ದೊಡ್ಡದಾದರೂ ಸರಿ, ದನಿ ಜೋರಿರಬೇಕು. ಆ ದಾರಿಯಲ್ಲಿ ಇಬ್ಬರು ದೊಡ್ಡ ಎದುರಾಳಿಗಳಿದ್ದರು, ಆಲ್ಟೆಕ್ ಲ್ಯಾನ್ಸಿಂಗ್ ಮತ್ತು ಜೆಬಿಎಲ್. ತಮಾಷೆ ಅಂದರೆ ಎರಡರ ಹೆಸರಿನಲ್ಲೂ ಇರುವುದು ಒಬ್ಬನೇ ಮನುಷ್ಯ. ಜೇಮ್ಸ್ ಬಿ. ಲ್ಯಾನ್ಸಿಂಗ್‌ನ ಕಂಪನಿಯನ್ನು 1941ರಲ್ಲಿ ಆಲ್ಟೆಕ್ ಕೊಂಡುಕೊಂಡಿತು. 1945ರಲ್ಲಿ ಸಿನಿಮಾ ಹಾಲ್‌ಗಳಿಗೆಂದು ಆಲ್ಟೆಕ್‌ನ ‘ವಾಯ್ಸ್ ಆಫ್ ದಿ ಥಿಯೇಟರ್’ ಸ್ಪೀಕರ್ ಬಂತು. ಆಗಿನ ವಾಲ್ವ್ ಆಂಪ್ಲಿಫೈಯರ್‌ಗಳ ಪವರ್ ಕಡಿಮೆ. ಅಷ್ಟರಲ್ಲೇ ಇಡೀ ಹಾಲ್ ತುಂಬಬೇಕಿತ್ತು. 1946ರಲ್ಲಿ ಲ್ಯಾನ್ಸಿಂಗ್ ಹೊರಬಂದು ಸ್ವಂತ ಕಂಪನಿ ಮಾಡಿದ, ಅದೇ ಮುಂದೆ ಜೆಬಿಎಲ್ ಆಯಿತು. ಹೆಸರಿನ ಬಗ್ಗೆ ಆಲ್ಟೆಕ್ ತಕರಾರು ತೆಗೆಯಿತು. 1949ರಲ್ಲಿ ಅವನು ತೀರಿಕೊಂಡ. ಪೈಪೋಟಿ ಮಾತ್ರ ಮುಂದುವರಿಯಿತು.

ರೀಕೋನಿಂಗ್, ಅಂದರೆ ಕೆಟ್ಟ ಸ್ಪೀಕರ್‌ಗೆ ಹೊಸ ಕೋನ್, ಕಾಯಿಲ್ ಹಾಕುವ ಕೆಲಸ ಮಾಡುವವನಾಗಿ ನನಗೆ ಆಸಕ್ತಿ ಇರುವುದು ವಾಯ್ಸ್ ಕಾಯಿಲ್‌ನಲ್ಲಿ, ಅಂದರೆ ಕೋನ್ ಅನ್ನು ಅಲುಗಾಡಿಸುವ ತಂತಿ ಸುರುಳಿಯಲ್ಲಿ. ಆಲ್ಟೆಕ್‌ನ ಹೆಸರಾಂತ 15 ಇಂಚಿನ ಡ್ರೈವರ್‌ಗಳಲ್ಲಿ (ಡಬ್ಬದಲ್ಲಿ ಕೂರಿಸುವ, ದನಿ ಹೊರಡಿಸುವ ಭಾಗ) 3 ಇಂಚಿನ ಕಾಯಿಲ್. ಲ್ಯಾನ್ಸಿಂಗ್ ಹೊಸ ಕಂಪನಿಯ ಡಿ130 ಡ್ರೈವರ್‌ಗೆ 4 ಇಂಚಿನದು ಹಾಕಿದ, ಅದೂ ಚಪ್ಪಟೆ ತಂತಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿದ್ದು. ಸ್ಪೀಕರ್‌ಗೆ ಕೊಟ್ಟ ಪವರ್‌ನಲ್ಲಿ ಹೆಚ್ಚಿನದು ಶಾಖವಾಗಿಯೇ ಹೋಗುತ್ತದೆ. ಕಾಯಿಲ್ ಕಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ, ದನಿ ಕುಗ್ಗುತ್ತದೆ. ಯಕ್ಷಗಾನದ ಆಟ ಮಧ್ಯರಾತ್ರಿ ದಾಟಿದ ಮೇಲೆ ‘ಸೌಂಡ್ ಇಳಿದಿದೆ’ ಅಂತ ಜನ ಹೇಳುತ್ತಾರಲ್ಲ, ಎಷ್ಟೋ ಸಲ ಕಾರಣ ಇದೇ. ದೊಡ್ಡ ಕಾಯಿಲ್ ಶಾಖವನ್ನು ಬೇಗ ಬಿಟ್ಟುಕೊಡುತ್ತದೆ. ಬಾಡಿಗೆ ಕೆಲಸಕ್ಕೆ ನಾನು ಕಣ್ಣು ಮುಚ್ಚಿ 4 ಇಂಚನ್ನೇ ಆರಿಸುತ್ತೇನೆ. ಮನೆಯಲ್ಲಿ ಕಾಯಿಲ್ ಕಾಯುವಷ್ಟು ಜೋರಾಗಿ ಯಾರು ಹಾಕುತ್ತಾರೆ? 3 ಇಂಚೇ ಸಾಕಾಯಿತು.

ಮನೆ ಮಾರುಕಟ್ಟೆಯಲ್ಲಿ ಗೆದ್ದದ್ದು ಜೆಬಿಎಲ್. ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಆಲ್ಟೆಕ್ 604 ಸ್ಪೀಕರ್ ಬೇರೂರಿತ್ತು. ಅಲ್ಲಿಗೆ ನುಗ್ಗಲು ಜೆಬಿಎಲ್ 4310 ಅನ್ನುವ ಮಾನಿಟರ್, ಅಂದರೆ ರೆಕಾರ್ಡಿಂಗ್ ಕೇಳಿ ಪರೀಕ್ಷಿಸುವ ಸ್ಪೀಕರ್ ಮಾಡಿತು. ಅದನ್ನೇ ಸಿಂಗರಿಸಿ, ಮುಂದೆ ಬಣ್ಣದ ಫೋಮ್ ಜಾಲರಿ ಹಾಕಿ, 1970ರಲ್ಲಿ ಎಲ್100 ಅಂತ ಮನೆಗಳಿಗೆ ಮಾರಿತು. ‘ಸ್ಟುಡಿಯೋದಲ್ಲಿ ಕೇಳಿದ್ದೇ ಮನೆಯಲ್ಲೂ’ ಅನ್ನುವ ಆಸೆ ಚೆನ್ನಾಗಿ ಕೆಲಸ ಮಾಡಿತು. ಈಗ ಬ್ಲೂಟೂತ್ ಡಬ್ಬಗಳ ಮೇಲೂ ಜೆಬಿಎಲ್ ಅಂತಿದೆ. ಕೈಯಿಂದ ಕೈಗೆ ಹೋದ ಆಲ್ಟೆಕ್ ಹೆಸರು ಕಂಪ್ಯೂಟರ್ ಸ್ಪೀಕರ್‌ಗಳ ಮೇಲೆ ಬಂತು. ನನಗೆ ಸ್ವಲ್ಪ ಬೇಜಾರೇ.

ನನ್ನ ಡಬ್ಬಕ್ಕೆ ಬರುತ್ತೇನೆ. 18 ಮಿಲಿಮೀಟರ್ ಪ್ಲೈವುಡ್, ಒಳಗೆ ಸುಮಾರು 120 ಲೀಟರ್ ಜಾಗ, 40 ಹರ್ಟ್ಸ್‌ಗೆ ಟ್ಯೂನ್ ಮಾಡಿದ ಪೋರ್ಟ್ (ಬೇಸ್‌ಗೆ ನೆರವಾಗುವ ಗಾಳಿಯ ರಂಧ್ರ). ನಡುವೆ ಅಡ್ಡಪಟ್ಟಿ ಹಾಕಲೇಬೇಕು, ಇಲ್ಲದಿದ್ದರೆ ಹಲಗೆಯೇ ಹಾಡುತ್ತದೆ. ಕ್ರಾಸ್‌ಓವರ್, ಅಂದರೆ ವೂಫರ್ ಬಿಟ್ಟು ಹಾರ್ನ್ ಕೆಲಸ ಶುರುಮಾಡುವ ಗಡಿ, ಎಲ್ಲಿಡಬೇಕು ಅನ್ನುವುದು ನಿಜವಾದ ತಲೆನೋವು. 15 ಇಂಚಿನ ಕೋನ್‌ನಿಂದ 1,000 ಹರ್ಟ್ಸ್ ಹತ್ತಿರ ದನಿ ಸುಮಾರು 90 ಡಿಗ್ರಿಗೆ ಕಿರಿದಾಗುತ್ತದೆ. ನನ್ನ ಹಾರ್ನ್ ಹರಡುವುದೂ 90 ಡಿಗ್ರಿ. ಇವೆರಡು ಹೊಂದುವ ಕಡೆ ಕೆಲಸ ಕೈ ಬದಲಾಯಿಸಿದರೆ ಸೋಫಾದ ಮೂಲೆಯಲ್ಲಿ ಕೂತವರಿಗೂ ದನಿ ಬಣ್ಣ ಕೆಡುವುದಿಲ್ಲ. 1981ರ ಜೆಬಿಎಲ್ 4430ರಲ್ಲಿ ಇದೇ ಉಪಾಯ, 1,000 ಹರ್ಟ್ಸ್‌ನಲ್ಲೇ. ನನ್ನ ಚಿಕ್ಕ ಹಾರ್ನ್‌ಗೆ ಅಷ್ಟು ಕೆಳಗೆ ತಾಕತ್ತಿಲ್ಲ. 1,200ಕ್ಕೆ ಇಟ್ಟೆ.

ಹಾರ್ನ್ 108 ಡೆಸಿಬೆಲ್, ವೂಫರ್ 97. ಹಾಗೇ ಬಿಟ್ಟರೆ ಕಿವಿ ಸೀಳುತ್ತದೆ. 5.6 ಓಮ್ ರೆಸಿಸ್ಟರನ್ನು ಸೀರೀಸ್‌ನಲ್ಲಿ, 3.3 ಓಮ್ ಹಾರ್ನ್‌ಗೆ ಪ್ಯಾರಲಲ್ ಆಗಿ ಹಾಕಿದೆ. ಹತ್ತಕ್ಕಿಂತ ಸ್ವಲ್ಪ ಜಾಸ್ತಿ ಡೆಸಿಬೆಲ್ ಇಳಿಯಿತು. ಆಂಪ್‌ಗೆ ಕಾಣುವುದು 8 ಓಮ್ ಸುಮಾರೇ. ಬಿಡಿಭಾಗ ಎಲ್ಲ ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸಿಕ್ಕಿದವು.

ಕೊನೆಗೆ ಆಂಪ್. ನಮ್ಮ ಶೋಗಳ ದೊಡ್ಡ ಆಂಪ್ ಮನೆಗೆ ಬೇಡವೇ ಬೇಡ. ಅದರ ಫ್ಯಾನ್ ಸದ್ದು ಒಂದು ಕಡೆ. ಇನ್ನೊಂದು ಕಡೆ, ಇಂಥ ಸೂಕ್ಷ್ಮ ಹಾರ್ನ್‌ನಲ್ಲಿ ಆಂಪ್‌ನ ‘ಸ್ಸ್’ ಕೂಡ ಕೇಳಿಸುತ್ತದೆ. ಫ್ಯಾನ್ ಇಲ್ಲದ 20 ವ್ಯಾಟ್‌ನ ಸಣ್ಣ ಆಂಪ್ ಹಾಕಿದ್ದೇನೆ, ಅದರಲ್ಲೂ ಸಾಮಾನ್ಯವಾಗಿ ಒಂದೆರಡು ವ್ಯಾಟ್ ಮುಗಿಯುವುದಿಲ್ಲ. ಕೊಳ್ಳುವ ಮುಂಚೆ ಹಾಡು ಹಾಕದೆ ಹಾರ್ನ್‌ಗೆ ಕಿವಿ ಹಚ್ಚಿ ನೋಡಿ. ಹತ್ತಕ್ಕೆ ಹತ್ತು ಅಡಿ ಕೋಣೆಯವರು ಮಾತ್ರ ಸುಮ್ನೆ ಒಳ್ಳೆ ಸಣ್ಣ ಸ್ಪೀಕರ್ ತಗೊಳ್ಳಿ. ಇಷ್ಟು ದೊಡ್ಡ ಡಬ್ಬದಿಂದ ಎಂಟು ಅಡಿಯಾದರೂ ದೂರ ಕೂರಬೇಕು. ಇಲ್ಲದಿದ್ದರೆ ವೂಫರ್ ಬೇರೆ, ಹಾರ್ನ್ ಬೇರೆ ಕೇಳಿಸುತ್ತವೆ.