ಮಾರ್ಚ್ ಎಂಟಕ್ಕೆ ಹೈಸ್ಕೂಲಲ್ಲಿ ಮಾತಾಡೋಕೆ ಕರೆದ್ರೆ ಏನ್ ಹೇಳೋದು, ಹೆಂಗ್ ಹೇಳೋದು

ಫೆಬ್ರವರಿ ಕೊನೆ ಬಂತು ಅಂದ್ರೆ ನಮ್ಮ ಕಡೆ ಹೆಡ್‌ಮೇಷ್ಟ್ರುಗಳಿಗೆ ಊರಲ್ಲಿ ಏನೋ ಒಂದು ಮಾಡ್ಕೊಂಡಿರೋ ಹೆಂಗಸ್ರೆಲ್ಲ ನೆನಪಾಗ್ತಾರೆ. ನಂದು ಚಿಕ್ಕ ಟೈಲರಿಂಗ್ ಯೂನಿಟ್ಟು, ಆರು ಮಷಿನ್ ಇದೆ ಅಷ್ಟೇ, ಆದ್ರೂ ವರ್ಷಾ ವರ್ಷ ಫೋನ್ ಬರುತ್ತೆ, ಮೇಡಂ ಮಹಿಳಾ ದಿನಾಚರಣೆ ಇದೆ, ಸಾಧಕಿಯರ ಬಗ್ಗೆ ಸ್ಫೂರ್ತಿದಾಯಕವಾಗಿ ಒಂದರ್ಧ ಗಂಟೆ ಮಾತಾಡಿ ಅಂತ. ನಿಮಗೂ ಇಂಥ ಫೋನ್ ಬಂದಿದ್ರೆ ಇದನ್ನ ಓದ್ಕೊಂಡು ಹೋಗಿ, ನಾನು ಮೊದಲ ಸಲ ಮಾಡ್ಕೊಂಡ ಎಡವಟ್ಟು ನೀವು ಮಾಡ್ಕೋಬೇಡಿ.

ಮೊದಲ ಸಲ ನಾನು ಇಪ್ಪತ್ತೆರಡು ಹೆಸರು ಬರ್ಕೊಂಡು ಹೋಗಿದ್ದೆ. ಇವರು ಮೊದಲ ಮಹಿಳಾ ಇದು, ಅವರು ಮೊದಲ ಮಹಿಳಾ ಅದು, ಪದ್ಮಶ್ರೀ, ಪದ್ಮಭೂಷಣ. ಒಂಬತ್ತನೇ ಹೆಸರಿಗೆ ಬರೋ ಹೊತ್ತಿಗೆ ಮುಂದಿನ ಸಾಲಿನ ಹುಡುಗೀರು ಒಬ್ಬರ ಜಡೆ ಒಬ್ಬರು ಬಿಚ್ಚಿ ಹೆಣೀತಾ ಇದ್ರು, ಹಿಂದೆ ಹುಡುಗ್ರು ಪೆನ್ ಫೈಟ್ ಶುರು ಮಾಡಿದ್ರು, ಅಷ್ಟರಲ್ಲಿ ಬಿಸಿಯೂಟದ ಸಾಂಬಾರ್ ವಾಸನೆ ಬಂತು ನೋಡಿ, ನನ್ನ ಭಾಷಣ ಅಲ್ಲಿಗೆ ಮುಗೀತು.

ಅದಕ್ಕೇ ಮೊದಲ ಕೆಲಸ ಏನಂದ್ರೆ ಹೆಸರು ಕಡಿಮೆ ಮಾಡಿ. ಮೂರು ಸಾಕು. ಬಿಸಿನೆಸ್ಸಿಂದ ಒಬ್ಬರು, ಆಟದಿಂದ ಒಬ್ಬರು, ನಿಮ್ಮೂರಿಂದ ಒಬ್ಬರು. ಮತ್ತೆ ಕಥೇನ ಪ್ರಶಸ್ತಿಯಿಂದ ಶುರು ಮಾಡ್ಬೇಡಿ, ಎಲ್ಲಿ ಬಾಗಿಲು ಹಾಕಿದ್ರೋ ಅಲ್ಲಿಂದ ಶುರು ಮಾಡಿ, ಆಮೇಲೆ ಅವರು ಏನ್ ಮಾಡಿದ್ರು, ಕೈಯಲ್ಲಿ ಎಷ್ಟು ದುಡ್ಡಿತ್ತು ಅಂತ ರೂಪಾಯಿ ಲೆಕ್ಕದಲ್ಲಿ ಹೇಳಿ. ಈ ರೂಪಾಯಿ ವಿಷ್ಯ ಮರೀಬೇಡಿ, ಮಕ್ಕಳು ತಲೆ ಎತ್ತೋದೇ ಅಲ್ಲಿ.

ಕಿರಣ್ ಮಜುಂದಾರ್ ಶಾ ಅವರನ್ನ ತಗೊಳ್ಳಿ. ಅವರು ಕಟ್ಟಿದ ಔಷಧಿ ಕಂಪನಿ ಬಯೋಕಾನ್ ಈಗ ಎಷ್ಟು ಸಾವಿರ ಕೋಟಿದು ಅಂದ್ರೆ ಎಂಟನೇ ಕ್ಲಾಸ್ ಮಗೂಗೆ ಏನೂ ಅನ್ಸಲ್ಲ, ಸಾವಿರ ಕೋಟಿನೂ ಒಂದೇ ಲಕ್ಷ ಕೋಟಿನೂ ಒಂದೇ. ಹಿಂಗ್ ಹೇಳಿ. ಬೆಂಗಳೂರು ಹುಡುಗಿ, ಡಾಕ್ಟರ್ ಆಗ್ಬೇಕು ಅಂತಿದ್ರು, ಆಗ್ಲಿಲ್ಲ. ಅವರಪ್ಪ ಬಿಯರ್ ತಯಾರಿಸೋ ಕಂಪನೀಲಿ ಬ್ರೂಮಾಸ್ಟರ್, ಅಂದ್ರೆ ಬಿಯರ್ ತಯಾರಿಕೆ ನೋಡ್ಕೊಳ್ಳೋ ಮುಖ್ಯಸ್ಥರು. ಮಗಳೂ ಅದನ್ನೇ ಕಲಿಯೋಕೆ ಆಸ್ಟ್ರೇಲಿಯಾಗೆ ಹೋದ್ರು, ಕ್ಲಾಸಲ್ಲಿ ಇವರೊಬ್ಬರೇ ಹುಡುಗಿ. ಓದು ಮುಗಿಸಿ ವಾಪಸ್ ಬಂದ್ರೆ ಇಲ್ಲಿ ಯಾರೂ ಬ್ರೂಮಾಸ್ಟರ್ ಕೆಲಸ ಕೊಡ್ಲಿಲ್ಲ, ಹೆಂಗಸು ಅಂತ. (ಇಲ್ಲಿ ಒಂದು ಸಲ ಹೆಡ್‌ಮೇಷ್ಟ್ರು ನನ್ನ ಕಿವೀಲಿ "ಮೇಡಂ, ಬಿಯರ್ ಅನ್ನೋದು ಬೇಡ" ಅಂದ್ರು. ಸರಿ ಅಂತ "ಹುದುಗು ಬರಿಸೋ ವಿದ್ಯೆ" ಅಂತ ಹೇಳಿ, ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಯಾಕೆ ಉಬ್ಬಿರುತ್ತೆ ಅಂತ ಕೇಳಿದೆ. ಬಿಯರಿಗಿಂತ ದೋಸೆನೇ ಚೆನ್ನಾಗಿ ಕೆಲಸ ಮಾಡ್ತು.)

ಆಮೇಲೆ 1978, ಬಾಡಿಗೆ ಮನೆ ಗ್ಯಾರೇಜು, ಹತ್ತು ಸಾವಿರ ರೂಪಾಯಿ, ಒಂದು ಐರಿಷ್ ಕಂಪನಿ ಜೊತೆ ಪಾಲುದಾರಿಕೆ. ಮಾಡಿದ್ದೇನು? ಪರಂಗಿ ಕಾಯಿ ಹಾಲಿಂದ ಪಪೈನ್ ಅಂತ ಒಂದು ಎನ್‌ಜೈಮ್ (ಪ್ರೋಟೀನ್ ಕರಗಿಸೋ ವಸ್ತು) ತೆಗೆದು ಫಾರಿನ್ನಿಗೆ ಕಳಿಸಿದ್ದು. ಪರಂಗಿ ಗಿಡ ನಮ್ಮ ಹಳ್ಳಿ ಮಕ್ಕಳ ಹಿತ್ತಲಲ್ಲೇ ಇರುತ್ತಲ್ವಾ, ಕಾಯಿ ಕೊಯ್ದಾಗ ಸೋರೋ ಬಿಳಿ ಹಾಲು ಕೈಗೆ ತಾಗಿದ್ರೆ ತುರಿಸುತ್ತೆ ಅಂತ ಎಲ್ರಿಗೂ ಗೊತ್ತು, ಅದ್ರಲ್ಲಿ ದುಡ್ಡಿದೆ ಅಂದ ತಕ್ಷಣ ಪೆನ್ ಫೈಟ್ ನಿಲ್ಲುತ್ತೆ. ಬ್ಯಾಂಕುಗಳು ಸಾಲ ಕೊಡೋಕೆ ಹಿಂದೆಮುಂದೆ ನೋಡಿದ್ದನ್ನೂ ಹೇಳಿ, ಅಡ ಇಡೋಕೆ ಏನಿಲ್ಲ, ಹುಡುಗಿ ಬೇರೆ, ಬಯೋಟೆಕ್ನಾಲಜಿ ಅಂದ್ರೆ ಏನು ಅಂತ ಆಗ ಎಷ್ಟು ಜನಕ್ಕೆ ಗೊತ್ತಿತ್ತು. 2004ರಲ್ಲಿ ಷೇರು ಮಾರ್ಕೆಟ್ಟಿಗೆ ಬಂದ ದಿನವೇ ಕಂಪನಿ ಬೆಲೆ ನೂರು ಕೋಟಿ ಡಾಲರ್ ದಾಟಿದ್ದನ್ನ ಕೊನೇಲಿ ಒಂದೇ ಲೈನಲ್ಲಿ ಹೇಳಿ ಮುಗಿಸಿ.

ಒಂದು ವರ್ಷ ಇದನ್ನ ಹೇಳಿ ಮುಗಿಸಿದಾಗ ಒಂಬತ್ತನೇ ಕ್ಲಾಸ್ ಹುಡುಗಿ ಎದ್ದು, ಅವರಪ್ಪ ಆಸ್ಟ್ರೇಲಿಯಾಗೆ ಕಳಿಸಿದ್ರು ಮೇಡಂ, ನಮ್ಮಪ್ಪ ಪಿಯುಸಿಗೆ ಟೌನಿಗೇ ಕಳಿಸಲ್ಲ ಅಂತಾರೆ ಅಂದ್ಲು. ಇಡೀ ಹಾಲ್ ಸೈಲೆಂಟು. ಆ ಹುಡುಗಿ ಹೇಳಿದ್ದು ನಿಜ ತಾನೆ, ಅದನ್ನ ತೇಲಿಸಿ ಮಾತಾಡ್ಬೇಡಿ, ಹೌದಮ್ಮ ಅವರಿಗೆ ಆ ಅನುಕೂಲ ಇತ್ತು ಅಂತ ಒಪ್ಕೊಳ್ಳಿ. ಆವತ್ತಿಂದ ನಾನು ಲಿಜ್ಜತ್ ಪಾಪಡ್ ಕಥೆನ ಜೇಬಲ್ಲಿ ಇಟ್ಕೊಂಡಿರ್ತೀನಿ. 1959, ಮುಂಬೈ ಗಿರ್ಗಾಂವ್, ಏಳು ಜನ ಗುಜರಾತಿ ಹೆಂಗಸ್ರು, ಹೆಚ್ಚಿಗೆ ಓದಿದೋರಲ್ಲ, ಎಂಬತ್ತು ರೂಪಾಯಿ ಸಾಲ ತಗೊಂಡು ಮನೆ ತಾರಸಿ ಮೇಲೆ ಹಪ್ಪಳ ಒತ್ತಿದ್ರು. ಮೊದಲ ದಿನ ಆಗಿದ್ದು ನಾಲ್ಕೇ ಪ್ಯಾಕೆಟ್ಟು. ಅವರಲ್ಲೊಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ಹೋಗೋವಾಗ ಅಂಗಡಿಯಿಂದ ಒಂದು ಪ್ಯಾಕೆಟ್ ತಗೊಂಡು ಹೋಗಿ ಕೈಯಲ್ಲಿ ಹಿಡ್ದು ತೋರ್ಸಿ, ಪಿಪಿಟಿ ಗಿಪಿಟಿ ಏನೂ ಬೇಡ, ಹೆಂಗೂ ಕರೆಂಟ್ ಇರಲ್ಲ.

ಆಟಕ್ಕೆ ಬನ್ನಿ. ಎಲ್ರೂ ಈಗಿನೋರ ಹೆಸರು ಹೇಳ್ತಾರೆ, 2025ರ ನವೆಂಬರಲ್ಲಿ ನಮ್ಮ ಹೆಣ್ಮಕ್ಕಳ ಕ್ರಿಕೆಟ್ ಟೀಮು ವರ್ಲ್ಡ್ ಕಪ್ ಗೆದ್ದಿದ್ದು ಮಕ್ಕಳಿಗೂ ಗೊತ್ತು. ನೀವು ಹಿಂದಕ್ಕೆ ಹೋಗಿ, ಶಾಂತಾ ರಂಗಸ್ವಾಮಿ ಹತ್ರ. ಭಾರತದ ಹೆಣ್ಮಕ್ಕಳ ಮೊದಲ ಟೆಸ್ಟ್ ಆಗಿದ್ದು ನಮ್ಮ ಬೆಂಗಳೂರಲ್ಲೇ, 1976ರಲ್ಲಿ, ವೆಸ್ಟ್ ಇಂಡೀಸ್ ಮೇಲೆ, ಕ್ಯಾಪ್ಟನ್ ಇವರು. ಅದೇ ಸೀರೀಸಲ್ಲಿ ಪಾಟ್ನಾದಲ್ಲಿ ಮೊದಲ ಗೆಲುವು. ಮುಂದಿನ ವರ್ಷ ನ್ಯೂಜಿಲೆಂಡಿನ ಡನೆಡಿನಲ್ಲಿ 108, ಟೆಸ್ಟಲ್ಲಿ ಭಾರತದ ಹೆಣ್ಮಗಳೊಬ್ಬಳ ಮೊದಲ ಸೆಂಚುರಿ. ಇಷ್ಟು ಹೇಳಿ ನಿಲ್ಸಿದ್ರೆ ಅದು ಜಿಕೆ ಆಗುತ್ತೆ. ಆ ಕ್ಯಾಪ್ಟನ್ ಟೂರಿಗೆ ಹೆಂಗ್ ಹೋಗ್ತಿದ್ರು ಅಂತ ಹೇಳಿ: ರಿಸರ್ವೇಶನ್ ಇಲ್ದೇ ಇರೋ ರೈಲು ಬೋಗಿ, ಹಾಸಿಗೆ ಸುರುಳಿ ಸುತ್ಕೊಂಡು ತಾವೇ ಹೊತ್ಕೊಂಡು, ಡಾರ್ಮಿಟರಿ ನೆಲದ ಮೇಲೆ ಮಲಗಿ. ಹೊಟ್ಟೆಪಾಡಿಗೆ ಕೆನರಾ ಬ್ಯಾಂಕ್ ಕೆಲಸ. ಯಾಕೆ ಹಂಗೆ ಅಂದ್ರೆ ಆಗ ಹೆಣ್ಮಕ್ಕಳ ಕ್ರಿಕೆಟ್ ಬಿಸಿಸಿಐ ಕೈಯಲ್ಲಿ ಇರ್ಲೇ ಇಲ್ಲ, ಬೇರೆ ಸಂಘ ನಡೆಸ್ತಿತ್ತು, ಅವರ ಹತ್ರ ದುಡ್ಡಿರಲಿಲ್ಲ. ಬಿಸಿಸಿಐ ತಗೊಂಡಿದ್ದು 2006ರಲ್ಲಿ. ಗಂಡಸರಷ್ಟೇ ಮ್ಯಾಚ್ ಫೀಸು ಅಂತ ಆಗಿದ್ದು 2022ರಲ್ಲಿ: ಟೆಸ್ಟಿಗೆ 15 ಲಕ್ಷ, ಒನ್‌ಡೇಗೆ 6 ಲಕ್ಷ, ಟಿ20ಗೆ 3 ಲಕ್ಷ. ಬೋರ್ಡ್ ಮೇಲೆ ಒಂದು ಕಡೆ ಹಾಸಿಗೆ ಸುರುಳಿ ಚಿತ್ರ ಬರೀರಿ, ಇನ್ನೊಂದು ಕಡೆ 15 ಲಕ್ಷ ಅಂತ ಬರೀರಿ, ನಿಮ್ಮ ಭಾಷಣ ಅರ್ಧ ಅಲ್ಲೇ ಆಯ್ತು.

ಉತ್ತರ ಕರ್ನಾಟಕದ ಕಡೆ ಸ್ಕೂಲಾದ್ರೆ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕಥೆ ಬಿಡ್ಲೇಬೇಡಿ. 2017ರ ವರ್ಲ್ಡ್ ಕಪ್ಪಲ್ಲಿ ಸೆಮಿಫೈನಲ್ ಸೇರೋಕೆ ನ್ಯೂಜಿಲೆಂಡ್ ಮೇಲೆ ಗೆಲ್ಲಲೇಬೇಕಿತ್ತು, ಇವರು 15 ರನ್ ಕೊಟ್ಟು 5 ವಿಕೆಟ್ ಕಿತ್ತರು, ಅವರು 79ಕ್ಕೆ ಆಲೌಟ್. ಊರಿಗೆ ಬಂದಾಗ ಸನ್ಮಾನದಲ್ಲಿ ಕಾರ್ ಕೊಡೋಕೆ ಬಂದ್ರೆ, ಕಾರ್ ಬೇಡ, ಮನೆಯವ್ರಿಗೆ ಇರೋಕೆ ಒಂದು ಮನೆ ಬೇಕು ಅಂತ ಕೇಳಿದ್ರು. ಅಪ್ಪ ಅಷ್ಟೊತ್ತಿಗೆ ತೀರ್ಕೊಂಡಿದ್ರು. ಇದನ್ನ ಹೇಳಿ ಒಂದ್ನಿಮಿಷ ಸುಮ್ನಿರಿ, ನೀವೇ ವ್ಯಾಖ್ಯಾನ ಮಾಡೋಕೆ ಹೋಗ್ಬೇಡಿ. ಕೊಡಗಿನ ಕಡೆ ಆದ್ರೆ ಅಶ್ವಿನಿ ನಾಚಪ್ಪ ಇದ್ದೇ ಇದ್ದಾರೆ, ಓಟ ಬಿಟ್ಟ ಮೇಲೆ ಗೋಣಿಕೊಪ್ಪದ ಹತ್ರ ಸ್ಪೋರ್ಟ್ಸ್ ಜೊತೆ ಓದಿಸೋ ಸ್ಕೂಲ್ ಕಟ್ಟಿದೋರು, ಹಂಗಾಗಿ ಆಟ, ಬಿಸಿನೆಸ್ಸು ಎರಡೂ ಖಾನೆಗೆ ಬರ್ತಾರೆ.

ಮೂರನೆಯವರು ನಿಮ್ಮೂರವರು, ಇವರನ್ನ ಬರೀ ಹೇಳೋದಲ್ಲ, ಕೈ ಹಿಡ್ಕೊಂಡು ಕರ್ಕೊಂಡೇ ಹೋಗಿ. ನಾನು ನಮ್ಮ ಬೀದಿ ಹಿಟ್ಟಿನ ಗಿರಣಿ ಅಕ್ಕನ್ನ ಕರ್ಕೊಂಡು ಹೋಗಿದ್ದೆ. ಅಯ್ಯೋ ನಂಗೆ ಮಾತಾಡಕ್ಕೆ ಬರಲ್ಲ ಕಣವ್ವ ಅಂತ ದಾರಿ ಉದ್ದಕ್ಕೂ ಅಂದೋಳು, ಮೈಕ್ ಹಿಡ್ದು ಕರೆಂಟ್ ಬಿಲ್ ಎಷ್ಟು ಬರುತ್ತೆ, ಕಲ್ಲು ಕೊರೆಸೋಕೆ ಎಷ್ಟು, ಗಂಡ ಹೋದ ಮೇಲೆ ಗಿರಣಿ ಮಾರು ಅಂತ ಯಾರ್ಯಾರು ಬಂದಿದ್ರು ಅಂತ ಹೇಳಿದ್ದೇ ಹೇಳಿದ್ದು, ಮಕ್ಕಳು ಕಿರಣ್ ಮಜುಂದಾರ್ ಬಗ್ಗೆ ಕೇಳದಷ್ಟು ಪ್ರಶ್ನೆ ಆಕೆಗೆ ಕೇಳಿದ್ರು. ನಂಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯ್ತು ಅನ್ನಿ.

ಬೇಡದ್ದು ಒಂದೆರಡಿದೆ. ಪ್ರತಿ ಗಂಡಸಿನ ಯಶಸ್ಸಿನ ಹಿಂದೆ ಅನ್ನೋ ಲೈನ್ ಬೇಡ, ಹೆಣ್ಣು ಭೂಮಿ ತಾಯಿ ಅಂತೆಲ್ಲ ಬೇಡ. ವಾಟ್ಸಾಪಲ್ಲಿ ಬಂದ "ಮೊದಲ ಮಹಿಳೆ" ಫಾರ್ವರ್ಡುಗಳನ್ನ ಚೆಕ್ ಮಾಡ್ದೇ ಓದ್ಬೇಡಿ, ಟೀಚರ್ ಒಬ್ಬರು ಗೂಗಲ್ ಮಾಡಿ ಅಲ್ಲೇ ತಿದ್ದಿದ್ರೆ ಮರ್ಯಾದೆ ಹೋಗುತ್ತೆ. ಹುಡುಗ್ರನ್ನ ಬೈಬೇಡಿ, ಅವರಿಗೆ ಒಂದು ಪ್ರಶ್ನೆ ಕೇಳಿ ಸಾಕು: ಸಾಯಂಕಾಲ ನಿಮ್ಮ ಸ್ಕೂಲ್ ಗ್ರೌಂಡಲ್ಲಿ ಎಷ್ಟು ಜನ ಹುಡುಗೀರು ಆಡ್ತಾರೆ, ಎಣಿಸಿದ್ದೀರಾ?

ಪ್ರಶ್ನೆ ಕೇಳಿ ಅಂದ್ರೆ ಯಾರೂ ಎದ್ದೇಳಲ್ಲ, ಚೀಟಿ ಹಂಚಿ ಹೆಸರಿಲ್ದೆ ಬರ್ಸಿ. ಪ್ರೋಗ್ರಾಂ ಮುಗಿದ್ಮೇಲೆ ಟೀಗೆ ಸ್ಟಾಫ್ ರೂಮಿಗೆ ಓಡ್ಬೇಡಿ, ವರಾಂಡದಲ್ಲಿ ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ಳಿ, ನಿಜವಾಗ್ಲೂ ಕೇಳೋಕಿರೋ ಹುಡುಗಿ ಅಲ್ಲಿಗೇ ಬರ್ತಾಳೆ. ಅವಳಿಗೆ ಹೇಳೋಕೆ ಕೆಲಸಕ್ಕೆ ಬರೋ ಎರಡು ವಿಷ್ಯ ರೆಡಿ ಇರ್ಲಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ಹಾಸ್ಟೆಲ್ಲಿಗೆ ಸೆಲೆಕ್ಷನ್ ಯಾವಾಗ ಅಂತ ಜಿಲ್ಲಾ ಆಫೀಸಲ್ಲಿ ಮೊದ್ಲೇ ಕೇಳ್ಕೊಂಡು ಹೋಗಿ. ಅಮ್ಮಂಗೆ ಏನಾದ್ರೂ ಶುರು ಮಾಡೋ ಆಸೆ ಇದ್ರೆ ಮುದ್ರಾ ಸಾಲದ ಶಿಶು ಅನ್ನೋದ್ರಲ್ಲಿ ಐವತ್ತು ಸಾವಿರದವರೆಗೆ ಅಡಮಾನ ಇಲ್ದೇ ಸಿಗುತ್ತೆ ಅಂತ ಹೇಳಿ ಕಳಿಸಿ.

ಇನ್ನೊಂದು, ಶಾಲು ಹಾರ ಹಣ್ಣಿನ ಬುಟ್ಟಿ ಬೇಡ ಅಂತ ಫೋನಲ್ಲೇ ಹೇಳ್ಬಿಡಿ, ಆ ದುಡ್ಡಿಗೆ ಹುಡುಗೀರಿಗೆ ಥ್ರೋಬಾಲ್ ತನ್ನಿ ಅನ್ನಿ. ಹೋದ ವರ್ಷ ನಾನು ಹಂಗೇ ಹೇಳಿದ್ದೆ, ಬಾಲು ಬಂತು, ಗಾಳಿ ಹಾಕೋ ಪಂಪೂ ಬಂತು, ಶಾಲಂತೂ ಹೊದಿಸೇ ಕಳಿಸಿದ್ರು.