ಊರಿನ ಶಾಲೆಯಲ್ಲಿ ಸ್ಕೌಟ್ ದಳ ಕಟ್ಟುವುದು, ನಡೆಸುವುದು ಹೇಗೆ?

ಸ್ವಾತಂತ್ರ್ಯೋತ್ಸವದ ಪಥಸಂಚಲನದಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿ ಹೆಜ್ಜೆ ಹಾಕುವ ಮಕ್ಕಳನ್ನು ಕಂಡವರು, ಇದು ಶಿಕ್ಷಣ ಇಲಾಖೆಯದೇ ಒಂದು ಶಾಖೆ ಎಂದುಕೊಳ್ಳುವುದು ಸಹಜ. ಇಲಾಖೆಯ ಬೆಂಬಲ ಇದೆ, ಅದು ಬೇಕೂ ಬೇಕು. ಆದರೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಒಂದು ಸ್ವಯಂಸೇವಾ ಸಂಸ್ಥೆ. ವಾರ ವಾರ ಮಕ್ಕಳೊಂದಿಗೆ ಮೈದಾನದಲ್ಲಿ ನಿಲ್ಲುವ ದಳನಾಯಕರಿಗೆ ಆ ಕೆಲಸಕ್ಕೆಂದು ಸಂಬಳವಿಲ್ಲ. ನಮ್ಮ ರಾಜ್ಯಕ್ಕೂ ಈ ಚಳವಳಿಗೂ ಹಳೆಯ ನಂಟು. 1909ರಲ್ಲಿ ಕ್ಯಾಪ್ಟನ್ ಟಿ.ಎಚ್. ಬೇಕರ್ ಭಾರತದ ಮೊದಲ ಸ್ಕೌಟ್ ದಳವನ್ನು ಕಟ್ಟಿದ್ದು ಬೆಂಗಳೂರಿನಲ್ಲಿ. ಆರಂಭದ ವರ್ಷಗಳಲ್ಲಿ ಭಾರತೀಯ ಮಕ್ಕಳಿಗೆ ಅಂಥ ದಳಗಳಲ್ಲಿ ಪ್ರವೇಶವಿರಲಿಲ್ಲ. ಬೇರೆ ಬೇರೆಯಾಗಿ ಬೆಳೆದ ಸಂಘಟನೆಗಳು ಒಂದಾಗಿ ಇಂದಿನ ಸಂಸ್ಥೆ ರೂಪುಗೊಂಡದ್ದು 1950ರ ನವೆಂಬರ್ 7ರಂದು. ಮರುವರ್ಷ ಗರ್ಲ್ ಗೈಡ್ಸ್ ಕೂಡ ಸೇರಿಕೊಂಡಿತು.

ಮೊದಲು ಮಾಡಬೇಕಾದದ್ದು ದಳಕ್ಕೆ ಒಂದು ನೆಲೆ ಹುಡುಕುವುದು. ಸಾಮಾನ್ಯವಾಗಿ ಶಾಲೆಯೇ ನೆಲೆಯಾಗುತ್ತದೆ. ಶಾಲೆಗೆ ಅಂಟಿಕೊಳ್ಳದೆ ಬಡಾವಣೆಯ ಮಕ್ಕಳನ್ನು ಕೂಡಿಸಿ ಮುಕ್ತ ದಳ ಕಟ್ಟಲೂ ಅವಕಾಶವಿದೆ. ಮುಖ್ಯ ಶಿಕ್ಷಕರು, ಪೋಷಕರು ಮತ್ತು ಊರಿನ ಆಸಕ್ತರನ್ನು ಸೇರಿಸಿ ಒಂದು ಸಮಿತಿ ಮಾಡಿಕೊಳ್ಳಿ. ಜಾಗ, ಡೇರೆ, ಹಗ್ಗ, ಶಿಬಿರದ ಖರ್ಚು ಇವು ಸಮಿತಿಯ ಹೊಣೆ. ಮಕ್ಕಳಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು ಎಂಬುದನ್ನು ದಳನಾಯಕರಿಗೇ ಬಿಡಬೇಕು. ಈ ಗೆರೆ ಅಳಿಸಿಹೋದರೆ ದಳವು ಸಭೆ ಸಮಾರಂಭಗಳಲ್ಲಿ ಅತಿಥಿಗಳಿಗೆ ಗೌರವ ಸಲ್ಲಿಸುವ ತಂಡವಾಗಿ ಮಾತ್ರ ಉಳಿಯುತ್ತದೆ.

ಎರಡನೆಯದು ದಳನಾಯಕರ ಆಯ್ಕೆ. ಕಬ್ ಎನಿಸಿಕೊಳ್ಳುವ ಕಿರಿಯ ಹುಡುಗರಿಗೆ ಕಬ್ ಮಾಸ್ಟರ್, ಬುಲ್‌ಬುಲ್ ಎನಿಸಿಕೊಳ್ಳುವ ಕಿರಿಯ ಹುಡುಗಿಯರಿಗೆ ಫ್ಲಾಕ್ ಲೀಡರ್, ಹತ್ತು ವರ್ಷ ದಾಟಿದ ಹುಡುಗರಿಗೆ ಸ್ಕೌಟ್ ಮಾಸ್ಟರ್, ಹುಡುಗಿಯರಿಗೆ ಗೈಡ್ ಕ್ಯಾಪ್ಟನ್ ಇರುತ್ತಾರೆ. ಶಾಲೆಯಲ್ಲಿ ಕಿರಿಯರೆಂಬ ಕಾರಣಕ್ಕೆ ಯಾರೋ ಒಬ್ಬ ಶಿಕ್ಷಕರ ಹೆಗಲಿಗೆ ಇದನ್ನು ಹೊರಿಸಬೇಡಿ. ಮನಸ್ಸಿಲ್ಲದವರ ಕೈಯಲ್ಲಿ ದಳ ಬಾಳುವುದಿಲ್ಲ. ಒಪ್ಪಿದವರನ್ನು ಜಿಲ್ಲಾ ಸಂಸ್ಥೆಯ ಮೂಲಕ ಏಳು ದಿನಗಳ ಮೂಲ ತರಬೇತಿ ಶಿಬಿರಕ್ಕೆ ಕಳುಹಿಸಬೇಕು. ಡೇರೆಯಲ್ಲಿ ಮಲಗಿ, ತಾವೇ ಅಡುಗೆ ಮಾಡಿ, ಮುಂದೆ ಮಕ್ಕಳು ಕಲಿಯಬೇಕಾದ್ದನ್ನೆಲ್ಲ ದೊಡ್ಡವರು ಅಲ್ಲಿ ಮಕ್ಕಳಂತೆಯೇ ಕಲಿಯುತ್ತಾರೆ. ನಂತರ ಕೆಲಕಾಲ ದಳ ನಡೆಸಿದ ಅನುಭವದ ಮೇಲೆ ಮುಂದುವರಿದ ತರಬೇತಿ, ಅದರಾಚೆಗೆ ದಳನಾಯಕರ ಉನ್ನತ ತರಬೇತಿಯ ಗುರುತಾದ, ಎರಡು ಮರದ ಮಣಿಗಳ ಹಿಮಾಲಯ ವುಡ್ ಬ್ಯಾಡ್ಜ್. ಸಂಸ್ಥೆ ನೀಡುವ ವಾರಂಟ್ ಎಂಬ ಅಧಿಕಾರಪತ್ರದಿಂದ ದಳನಾಯಕರ ನೇಮಕ ಅಧಿಕೃತವಾಗುತ್ತದೆ.

ಇಲ್ಲಿ ಒಂದು ವಿಷಯದಲ್ಲಿ ರಾಜಿ ಸಲ್ಲದು. ಶಿಬಿರಕ್ಕಾಗಲಿ ಚಾರಣಕ್ಕಾಗಲಿ ಒಬ್ಬರೇ ಹಿರಿಯರು ಮಕ್ಕಳನ್ನು ಕರೆದೊಯ್ಯಬಾರದು. ಕನಿಷ್ಠ ಇಬ್ಬರಿರಲಿ, ಗೈಡ್‌ಗಳ ಜತೆ ಮಹಿಳಾ ನಾಯಕಿ ಇರಲೇಬೇಕು, ಪೋಷಕರ ಒಪ್ಪಿಗೆ ಬರಹದಲ್ಲಿರಲಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗಮನಕ್ಕೆ ಬಂದರೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸ್ವಯಂಸೇವಕರೆಂಬ ಕಾರಣಕ್ಕೆ ಯಾರಿಗೂ ಇದರಿಂದ ವಿನಾಯಿತಿ ಇಲ್ಲ.

ಮೂರನೆಯ ಹೆಜ್ಜೆಯಲ್ಲಿ ಆಡಳಿತವನ್ನು ಮಕ್ಕಳ ಕೈಗೆ ಕೊಡಬೇಕು. ಈ ಚಳವಳಿಯ ಜೀವಾಳ ಇರುವುದೇ ಇಲ್ಲಿ. ದಳವನ್ನು ಪೆಟ್ರೋಲ್ (patrol) ಎಂಬ, ಆರರಿಂದ ಎಂಟು ಮಕ್ಕಳ ಸಣ್ಣ ತಂಡಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಮಕ್ಕಳಲ್ಲೇ ಒಬ್ಬರು ನಾಯಕರಾಗುತ್ತಾರೆ. ಈ ನಾಯಕರು ಸೇರುವ ಸಭೆಗೆ ಕೋರ್ಟ್ ಆಫ್ ಆನರ್ ಎಂದು ಹೆಸರು. ಮುಂದಿನ ಶಿಬಿರ ಎಲ್ಲಿ, ಸಂಗ್ರಹವಾದ ಹಣವನ್ನು ಯಾವುದಕ್ಕೆ ಬಳಸಬೇಕು, ಶಿಸ್ತು ಮೀರಿದವರ ವಿಷಯದಲ್ಲಿ ಏನು ಮಾಡಬೇಕು ಎಂಬುದನ್ನೆಲ್ಲ ಅವರೇ ಚರ್ಚಿಸುತ್ತಾರೆ, ನಡಾವಳಿ ಬರೆಯುತ್ತಾರೆ. ಸ್ಕೌಟ್ ಮಾಸ್ಟರ್ ಅಲ್ಲಿ ಸಲಹೆಗಾರರು ಮಾತ್ರ. ಹದಿಮೂರರ ಹುಡುಗಿಯೊಬ್ಬಳು ತನ್ನ ಪೆಟ್ರೋಲ್‌ನ ಪರವಾಗಿ ಎದ್ದು ನಿಂತು ಲೆಕ್ಕ ಒಪ್ಪಿಸುವಾಗ ಹಿರಿಯರು ತಾಳ್ಮೆಯಿಂದ ಸುಮ್ಮನೆ ಕೇಳಿಸಿಕೊಳ್ಳಬೇಕು, ಆಕೆ ತಪ್ಪಿದರೂ ಕೂಡಲೇ ಬಾಯಿ ಹಾಕಬಾರದು.

ಆಮೇಲೆ ಕಾಗದಪತ್ರದ ಕೆಲಸ. ದಳವನ್ನು ಸ್ಥಳೀಯ ಸಂಸ್ಥೆಯ ಮೂಲಕ ಜಿಲ್ಲಾ ಸಂಸ್ಥೆಯಲ್ಲಿ ನೋಂದಾಯಿಸಿ, ಪ್ರತಿವರ್ಷ ಸದಸ್ಯರ ಪಟ್ಟಿ ಮತ್ತು ಶುಲ್ಕದೊಂದಿಗೆ ನವೀಕರಿಸಬೇಕು. ಪ್ರವೇಶ, ಪ್ರಥಮ, ದ್ವಿತೀಯ, ತೃತೀಯ ಸೋಪಾನಗಳೆಂಬ ಕಲಿಕೆಯ ಮೆಟ್ಟಿಲುಗಳನ್ನು ದಾಟಿ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಕ್ಕೆ ಏರುವ ಮಗುವಿಗೆ ಹಂತ ಹಂತಕ್ಕೂ ನಿಗದಿತ ಕನಿಷ್ಠ ಅವಧಿ ಇರುವುದರಿಂದ, ನಾಯಕರು ದಿನಾಂಕ ದಾಖಲಿಸಲು ಮರೆತರೆ ಅದರ ನಷ್ಟ ಮಗುವಿನದು.

ಜಿಲ್ಲೆ ಮತ್ತು ರಾಜ್ಯ ಮಟ್ಟದಲ್ಲಿ ಎರಡು ಬಗೆಯ ಹೊಣೆಗಳಿವೆ. ನೀತಿ ಮತ್ತು ಹಣಕಾಸನ್ನು ಪರಿಷತ್ತು ಹಾಗೂ ಕಾರ್ಯಕಾರಿ ಸಮಿತಿ ನೋಡಿಕೊಂಡರೆ, ದಳಗಳ ಕಾರ್ಯಕ್ರಮ ಮತ್ತು ತರಬೇತಿಯ ಗುಣಮಟ್ಟವನ್ನು ಆಯುಕ್ತರು ನೋಡಿಕೊಳ್ಳುತ್ತಾರೆ. ರಾಜ್ಯಪಾಲರು ರಾಜ್ಯ ಸಂಸ್ಥೆಯ ಪೋಷಕರು (ಪೇಟ್ರನ್). ರಾಜ್ಯ ಮುಖ್ಯ ಆಯುಕ್ತರದು ಗೌರವ ಹುದ್ದೆ. ಸಂಘಟನಾ ಆಯುಕ್ತರಂಥ ಕೆಲವರಷ್ಟೇ ವೇತನ ಪಡೆಯುವ ಪೂರ್ಣಾವಧಿ ಸಿಬ್ಬಂದಿ. ದೊಡ್ಡಬಳ್ಳಾಪುರ ಮತ್ತು ಕೊಂಡಜ್ಜಿಯ ತರಬೇತಿ ಕೇಂದ್ರಗಳಲ್ಲಿ ಕಲಿಸುವವರಲ್ಲಿ ಬಹುಪಾಲು ಜನ ತಮ್ಮ ರಜೆಯ ದಿನಗಳನ್ನು ಕೊಟ್ಟು ಬಂದ ಹಿರಿಯ ದಳನಾಯಕರು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ಎಂಬ ಸ್ಕೌಟ್-ಗೈಡ್‌ಗಳ ದೊಡ್ಡ ಮೇಳಕ್ಕೆ ಮಕ್ಕಳನ್ನು ಕರೆತಂದು, ಹಗಲಿರುಳು ಅವರೊಂದಿಗೆ ಉಳಿದವರೂ ಇಂಥ ದಳನಾಯಕರೇ.

ಕೊನೆಯದಾಗಿ, ಮೊದಲ ವರ್ಷದಲ್ಲೇ ಸಹಾಯಕ ನಾಯಕರೊಬ್ಬರನ್ನು ಸಿದ್ಧಪಡಿಸಿ. ಶಿಕ್ಷಕರ ವರ್ಗಾವಣೆಯಾದ ತಿಂಗಳೇ ಒಳ್ಳೆಯ ದಳಗಳು ಮುಚ್ಚಿಹೋಗುವುದು ಬಹಳ ನೋವಿನ ಸಂಗತಿ, ಇದನ್ನು ಖಂಡಿತ ತಪ್ಪಿಸಬಹುದು. ದಳದಲ್ಲೇ ಬೆಳೆದು ಕಾಲೇಜು ಸೇರಿ ಹಿರಿಯ ವಿಭಾಗದ ರೋವರ್ (ಯುವಕರು) ಅಥವಾ ರೇಂಜರ್ (ಯುವತಿಯರು) ಆದವರು ಊರಿನಲ್ಲಿದ್ದರೆ ಮೊದಲು ಅವರನ್ನೇ ಕೇಳಿ. ಹಾಜರಿ ಪುಸ್ತಕ, ಸೋಪಾನಗಳ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಧ್ವಜ, ಡೇರೆ ಇವುಗಳ ಪಟ್ಟಿ ಮಾಡಿ, ಸಮಿತಿಯ ಎದುರು ಹಳೆಯ ಮತ್ತು ಹೊಸ ನಾಯಕರಿಬ್ಬರೂ ಸಹಿ ಹಾಕಿದ ನಂತರವೇ ಹಳೆಯವರು ಬಿಡುಗಡೆ ಪಡೆಯಲಿ.