ಅಜ್ಜಿಯ ಮಾತ್ರೆಗೆ ಕಿಡ್ನಿ ಲೆಕ್ಕ ಹಾಕುವುದು ಹೇಗೆ?

ಎಷ್ಟೋ ಮಾತ್ರೆಗಳನ್ನು ಮೈಯಿಂದ ಹೊರಹಾಕುವುದು ಕಿಡ್ನಿ. ಅದು ಸೋತಿದ್ದರೆ ಡೋಸ್ ಇಳಿಸಬೇಕು. ಮಂಡ್ಯದ ನಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ದಿನಾ ಕೇಳುವ ಮಾತು: 'ಕ್ರಿಯಾಟಿನಿನ್ 0.9 ಸಾ, ನಾರ್ಮಲ್ಲು.' ಇಪ್ಪತ್ತೆಂಟರ ಪೈಲ್ವಾನನಿಗಾದರೆ ಸರಿ. ಆದರೆ ಮೊನ್ನೆ ಮೊಮ್ಮಗ ಕರೆತಂದದ್ದು 78 ವರ್ಷದ ಅಜ್ಜಿಯನ್ನು. ಕ್ರಿಯಾಟಿನಿನ್ ಅಂದರೆ ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ. ಅದು ಹುಟ್ಟುವುದು ಮಾಂಸಖಂಡದಲ್ಲಿ. ಮಾಂಸಖಂಡವೇ ಕರಗಿ ಹೋಗಿದ್ದರೆ ಕಿಡ್ನಿ ಸೋತಿದ್ದರೂ ಅಂಕಿ ಚೆನ್ನಾಗಿಯೇ ಕಾಣುತ್ತದೆ.

ಮೊದಲು ರಿಪೋರ್ಟ್. ಹೊಸದಿರಲಿ. ರಕ್ತ ಕೊಡುವ ಹಿಂದಿನ ರಾತ್ರಿ ಬಾಡೂಟ ಬೇಡ, ಬೆಂದ ಮಾಂಸ ಅಂಕಿಯನ್ನು ಸ್ವಲ್ಪ ಹೊತ್ತು ಏರಿಸುತ್ತದೆ. ವಾಂತಿ ಭೇದಿಯಾಗಿ ಕ್ರಿಯಾಟಿನಿನ್ ದಿನಕ್ಕೊಂದು ಥರ ಬರುತ್ತಿದ್ದರೆ ಮುಂದಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ಎರಡನೆಯದು ತೂಕ. ಎಲ್ಲರೂ ಎಡವುವುದು ಇಲ್ಲೇ. 'ಒಂದೈವತ್ತು ಹಾಕ್ಕಳಿ ಸಾ' ಅಂದ ಮೊಮ್ಮಗ. ತೂಗಿದರೆ 42 ಕೆಜಿ. ದಯವಿಟ್ಟು ತೂಗಿ. ಚಪ್ಪಲಿ ಬಿಡಿಸಿ, ಸೊಂಟದ ಎಲೆಅಡಿಕೆ ಚೀಲ ತೆಗೆಸಿ. ಮುಳ್ಳು ಅಲ್ಲಾಡುವ ಸ್ಪ್ರಿಂಗ್ ಯಂತ್ರವನ್ನು ನಾನು ನಂಬುವುದಿಲ್ಲ. ಅದಕ್ಕಿಂತ ಆಲೆಮನೆಯಲ್ಲಿ ಬೆಲ್ಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯೇ ವಾಸಿ. ತುಂಬಾ ದಪ್ಪಗಿರುವವರಿಗೆ ಪೂರ್ತಿ ತೂಕ ಹಾಕಿದರೆ ಉತ್ತರ ಜಾಸ್ತಿ ಬರುತ್ತದೆ. ಎತ್ತರಕ್ಕೆ ತಕ್ಕ ತೂಕ ಹಿಡಿದು, ಮೇಲಿನದರಲ್ಲಿ ನೂರಕ್ಕೆ 40 ಪಾಲು ಮಾತ್ರ ಸೇರಿಸುವುದು ರೂಢಿ.

ಇನ್ನು ಗುಣಾಕಾರ. 140ರಲ್ಲಿ ವಯಸ್ಸು ಕಳೆಯಿರಿ, ತೂಕದಿಂದ ಗುಣಿಸಿ, ಬಂದದ್ದನ್ನು 72 ಮತ್ತು ಕ್ರಿಯಾಟಿನಿನ್ ಗುಣಿಸಿದ ಅಂಕಿಯಿಂದ ಭಾಗಿಸಿ. ಹೆಂಗಸರಾದರೆ 0.85ರಿಂದ ಗುಣಿಸಿ. ಬರುವ ಉತ್ತರ ಕಿಡ್ನಿ ನಿಮಿಷಕ್ಕೆ ಎಷ್ಟು ರಕ್ತ ಸೋಸುತ್ತದೆ ಎಂಬ ಅಂದಾಜು. ನಮ್ಮ ಅಜ್ಜಿಗೆ ಬಂದದ್ದು ನಿಮಿಷಕ್ಕೆ 34 ಮಿಲಿಲೀಟರ್. ಮೊಮ್ಮಗನ 50 ಕೆಜಿ ಹಾಕಿದ್ದರೆ 41. ಮುದುಕರಿಗೆ 0.9 ಇದ್ದರೂ 1 ಅಂತಲೇ ಬರೆದುಕೊಳ್ಳುವ ಹಳೆಯ ಅಡ್ಡದಾರಿಯೊಂದಿದೆ. ಹಾಗೆ ಮಾಡಿದ್ದರೆ 31. ಬೇಡ.

ಇದು 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರ. 249 ಗಂಡಸರ ಮೇಲೆ ಕಟ್ಟಿದ್ದು. ಹೆಂಗಸರ 0.85 ಬರೀ ಅಂದಾಜು. ಆದರೂ ಎಷ್ಟೋ ಹಳೆಯ ಮಾತ್ರೆಗಳ ಡೋಸ್ ಪಟ್ಟಿ ನಿಂತಿರುವುದು ಇದರ ಮೇಲೆಯೇ.

ಈಗ ಲ್ಯಾಬಿನವರು ರಿಪೋರ್ಟಿನಲ್ಲಿ ಕೊಟ್ಟ ಇಜಿಎಫ್‌ಆರ್ ನೋಡಿ, ಅದೂ ಕಿಡ್ನಿ ಸೋಸುವ ವೇಗದ ಅಂದಾಜೇ. ಅಜ್ಜಿಯದು 65. 2021ರ ಹೊಸ ಸೂತ್ರ. ಒಟ್ಟು ಜನರನ್ನು ತೆಗೆದುಕೊಂಡರೆ ಹಳೆಯದಕ್ಕಿಂತ ಇದೇ ನಿಖರ. ಆದರೆ ಅದು ಎಲ್ಲರ ಮೈಯ ಹೊರಮೈ ವಿಸ್ತೀರ್ಣವೂ 1.73 ಚದರ ಮೀಟರ್ ಅಂದುಕೊಂಡು ಬರೆದದ್ದು. 145 ಸೆಂಟಿಮೀಟರ್ ಎತ್ತರದ ಅಜ್ಜಿಯ ಮೈ ಸುಮಾರು 1.3. ಅದರಿಂದ ಗುಣಿಸಿ 1.73ರಿಂದ ಭಾಗಿಸಿದರೆ 65 ಇಳಿದು 49 ಆಗುತ್ತದೆ. ತೂಕವನ್ನೇ ಕೇಳದೆ ಡೋಸ್ ಹೇಳುವ ಮೊಬೈಲ್ ಆಪ್‌ಗಳನ್ನು ಅಳಿಸಿಬಿಡಿ.

ವ್ಯತ್ಯಾಸ ಸುಮ್ನೆ ಅಂಕಿಯದಲ್ಲ. ಕಾಲುರಿಗೆ ಕೊಡುವ ಗ್ಯಾಬಾಪೆಂಟಿನ್, ಈ ಕಿಡ್ನಿ ಅಂಕಿ 60ರ ಮೇಲಿದ್ದವರಿಗೆ ದಿನಕ್ಕೆ 900ರಿಂದ 3600 ಮಿಲಿಗ್ರಾಂ. 30ರಿಂದ 59ರೊಳಗಿದ್ದರೆ 400ರಿಂದ 1400. ಜಾಸ್ತಿಯಾದರೆ ತೂಕಡಿಕೆ, ತಲೆಸುತ್ತು, ಬಚ್ಚಲಲ್ಲಿ ಬೀಳುವುದು. ಇಂಥ ಮಾತ್ರೆಗೆ, ಸಣ್ಣ ಮೈಯ ಮುದುಕರಿಗೆ, ಕಮ್ಮಿ ಬಂದ ಅಂಕಿಯಿಂದಲೇ ಶುರುಮಾಡಿ ಎನ್ನುವವನು ನಾನು. ಸೋಂಕಿನ ಔಷಧಿಗೆ ಹಾಗಲ್ಲ, ಡೋಸ್ ಕಮ್ಮಿಯಾದರೂ ಅಪಾಯ. ವ್ಯಾಂಕೊಮೈಸಿನ್, ಜೆಂಟಾಮೈಸಿನ್ ಥರದವಕ್ಕೆ ಸೂತ್ರ ಶುರುವಿಗೆ ಮಾತ್ರ. ಆಮೇಲೆ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಅಳೆದೇ ತೀರಬೇಕು.

ಮಾತ್ರೆಯನ್ನು ನೀವೇ ಮುರಿದು ಅರ್ಧ ಮಾಡಬೇಡಿ. ವಯಸ್ಸು, ತೂಗಿದ ತೂಕ, ಎತ್ತರ, ಕ್ರಿಯಾಟಿನಿನ್ ಮತ್ತು ಅದರ ತಾರೀಖನ್ನು ಚೀಟಿಯ ಹಿಂದೆ ಬರೆದು ಡಾಕ್ಟರ ಮುಂದಿಡಿ. ಎರಡು ಸೂತ್ರದ ಉತ್ತರ ಇಷ್ಟು ದೂರ ಬಂದಿದ್ದರೆ ಕಿಡ್ನಿ ಅಳೆಯುವ ಇನ್ನೊಂದು ರಕ್ತಪರೀಕ್ಷೆ, ಸಿಸ್ಟಾಟಿನ್ ಸಿ, ಬೇಕಾ ಅಂತಲೂ ಕೇಳಿ. ದುಡ್ಡು ಜಾಸ್ತಿ, ಆದರೆ ಅದು ಮಾಂಸಖಂಡವನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ.